ಮರುಭೂಮಿಯ ಬೆಟ್ಟದಲ್ಲಿ ಜಿಂಕೆ, ಎಲ್ಕ್ ಬೇಟೆ: ಅರಿಝೋನಾದಲ್ಲಿ ಮೊದಲ ಸಲ ಹೋಗುವವರಿಗೆ

ಫೀನಿಕ್ಸ್, ಚಾಂಡ್ಲರ್, ಟೂಸಾನ್ ಕಡೆ ಇರುವ ಕನ್ನಡದವರಿಂದ ವರ್ಷಕ್ಕೆ ಎರಡು ಸಲ ನನಗೆ ಒಂದೇ ಪ್ರಶ್ನೆ ಬರುತ್ತದೆ. ಜನವರಿಯಲ್ಲಿ ಒಮ್ಮೆ, ಮೇ ಕೊನೆಗೆ ಇನ್ನೊಮ್ಮೆ. "ಆಫೀಸಿನಲ್ಲಿ ಎಲ್ಲರೂ ಎಲ್ಕ್‌ಗೆ ಅರ್ಜಿ ಹಾಕ್ತಿದ್ದಾರೆ, ನಾನೂ ಹಾಕಬಹುದಾ? ವೀಸಾಗೆ ತೊಂದರೆ ಆಗಲ್ವಾ? ಗನ್ ಇಲ್ಲದೆ ಆಗಲ್ವಾ?" (ಎಲ್ಕ್ ಅಂದರೆ ಕಡವೆಗಿಂತ ದೊಡ್ಡದಾದ ಇಲ್ಲಿನ ಜಿಂಕೆ ಜಾತಿ.) ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಆದ್ದರಿಂದ ಇಲ್ಲಿ ಎಲ್ಲವನ್ನೂ ಒಟ್ಟಿಗೆ ಇಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಅರಿಝೋನಾಕ್ಕೆ ಮಾತ್ರ. ಕರ್ನಾಟಕದಲ್ಲಿ ಜಿಂಕೆ, ಕಡವೆ ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಜೈಲು ಶಿಕ್ಷೆ ಇದೆ. ಇಲ್ಲಿ ಕಲಿತದ್ದನ್ನು ಊರಿನ ತೋಟದಲ್ಲಿ ಪ್ರಯೋಗ ಮಾಡುವ ಯೋಚನೆ ಇದ್ದರೆ ಇಲ್ಲೇ ಓದು ನಿಲ್ಲಿಸಿ.

ಇನ್ನೊಂದು. ಬೇಟೆ ಅಂದರೆ ಗುಂಡು ಹಾರಿಸುವುದು ಅಂತ ಹೆಚ್ಚಿನವರು ತಿಳಿದಿದ್ದಾರೆ. ಈ ಬೆಟ್ಟಗಳಲ್ಲಿ ಅದು ಒಂದು ಕ್ಷಣದ ಕೆಲಸ. ಉಳಿದ ಸಮಯವೆಲ್ಲ ಅರ್ಜಿ ಹಾಕುವುದು, ಕೂತು ನೋಡುವುದು, ಮಾಂಸ ಹೊರುವುದು. ಈ ಮೂರರಲ್ಲಿ ಯಾವುದಕ್ಕೆ ತಾಳ್ಮೆ ಇಲ್ಲದಿದ್ದರೂ ಈ ಹವ್ಯಾಸ ನಿಮಗಲ್ಲ.

ಹಂತ 1: ವೀಸಾ ಮತ್ತು ಗನ್. ಇದನ್ನು ಹಾರಿಸಿ ಓದಬೇಡಿ

ಗ್ರೀನ್ ಕಾರ್ಡ್ ಇದ್ದವರಿಗೆ, ಅಮೆರಿಕದ ಪೌರರಾದವರಿಗೆ ಇಲ್ಲಿ ತಲೆನೋವು ಕಡಿಮೆ. ತೊಂದರೆ ಇರುವುದು ಎಚ್-1ಬಿ, ಎಲ್-1, ಎಫ್-1 ತರಹದ ತಾತ್ಕಾಲಿಕ ವೀಸಾದವರಿಗೆ. ಕೇಂದ್ರದ ಕಾನೂನಿನ ಪ್ರಕಾರ ಅಂಥವರು ಬಂದೂಕನ್ನಾಗಲಿ, ಗುಂಡನ್ನಾಗಲಿ ಇಟ್ಟುಕೊಳ್ಳುವ ಹಾಗಿಲ್ಲ. ಇದಕ್ಕೆ ಕೆಲವು ವಿನಾಯಿತಿಗಳಿವೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಕೈಯಲ್ಲಿರುವುದು ಅದರಲ್ಲೊಂದು.

ಇದರಲ್ಲಿ ಎಲ್ಲರೂ ಬೀಳುವ ಹಳ್ಳ ಎರಡು. ಒಂದು, "ನನ್ನದಲ್ಲ, ಗೆಳೆಯನ ರೈಫಲ್, ಸುಮ್ನೆ ಗುರಿ ಅಭ್ಯಾಸದ ರೇಂಜ್‌ನಲ್ಲಿ ಹಿಡಿದು ನೋಡಿದೆ" ಅನ್ನುವುದು. ಕಾನೂನಿಗೆ ಬೇಕಾದ್ದು ಕೈಯಲ್ಲಿತ್ತೇ ಇಲ್ಲವೇ ಎನ್ನುವುದು, ಯಾರ ಹೆಸರಿನಲ್ಲಿತ್ತು ಎನ್ನುವುದಲ್ಲ. ಎರಡು, ಲೈಸೆನ್ಸ್ ಅವಧಿ ಮುಗಿದ ಮೇಲೂ ರೈಫಲ್ ಮನೆಯ ಕಪಾಟಿನಲ್ಲೇ ಇರುವುದು. ಲೈಸೆನ್ಸ್ ಹೋದ ದಿನ ವಿನಾಯಿತಿಯೂ ಹೋಯಿತು. ತಾತ್ಕಾಲಿಕ ವೀಸಾದಲ್ಲಿದ್ದರೆ ಒಂದು ಗಂಟೆಯ ಫೀಸು ಕೊಟ್ಟು ವಲಸೆ ವಕೀಲರನ್ನು ಕೇಳಿ, ಆಮೇಲೆ ಮುಂದಕ್ಕೆ ಹೋಗಿ. ನನ್ನ ಸಲಹೆ ಕೇಳಿದರೆ, ಗ್ರೀನ್ ಕಾರ್ಡ್ ಬರುವ ತನಕ ಬಿಲ್ಲು ಹಿಡಿಯಿರಿ. ಬಿಲ್ಲಿಗೆ ಈ ರಗಳೆ ಇಲ್ಲ. ಅರಿಝೋನಾದಲ್ಲಿ ಜಿಂಕೆಗೂ ಎಲ್ಕ್‌ಗೂ ಕನಿಷ್ಠ 30 ಪೌಂಡ್ ಎಳೆತದ ಬಿಲ್ಲು ಸಾಕು.

ಹಂತ 2: ಯಾವ ಪ್ರಾಣಿ?

ಮರುಭೂಮಿ ಅಂದ ತಕ್ಷಣ ಮರಳು ದಿಬ್ಬ ಕಣ್ಣಿಗೆ ಬರುತ್ತದೆ, ಅಲ್ವಾ? ಇಲ್ಲಿ ಹಾಗಿಲ್ಲ. ಸಗ್ವಾರೋ ಕಳ್ಳಿಯ ಬಯಲಿನಿಂದ ಬೆಟ್ಟಗಳು ಸಟ್ಟನೆ ಏಳುತ್ತವೆ. ಟೂಸಾನ್ ಪಕ್ಕದ ಮೌಂಟ್ ಲೆಮ್ಮನ್ 9,159 ಅಡಿ. ಸ್ಯಾಫರ್ಡ್ ಹತ್ತಿರದ ಮೌಂಟ್ ಗ್ರಹಾಂ 10,720 ಅಡಿ. ಕೆಳಗೆ ಕಳ್ಳಿ, ನಡುವೆ ಓಕ್ ಮತ್ತು ಜುನಿಪರ್, ಮೇಲೆ ಪೈನ್ ಕಾಡು. ಒಣ ಬಯಲಿನ ನಡುವೆ ದ್ವೀಪದ ಹಾಗೆ ನಿಂತಿರುವ ಈ ಬೆಟ್ಟಗಳಿಗೆ ಇಲ್ಲಿನವರು 'ಸ್ಕೈ ಐಲ್ಯಾಂಡ್' ಅನ್ನುತ್ತಾರೆ. ಎತ್ತರ ಬದಲಾದ ಹಾಗೆ ಪ್ರಾಣಿಯೂ ಬದಲಾಗುತ್ತದೆ.

ಕೂಸ್ ಜಿಂಕೆ: ದಕ್ಷಿಣದ ಬೆಟ್ಟಗಳ ಬಿಳಿಬಾಲದ ಸಣ್ಣ ಜಿಂಕೆ. ಒಳ್ಳೆಯ ಗಂಡು ಸುಮಾರು 45 ಕಿಲೋ, ನಮ್ಮ ಚುಕ್ಕೆ ಜಿಂಕೆಗಿಂತ ಸಣ್ಣದು. ಎಲಿಯಟ್ ಕೌಸ್ ಎಂಬ ಸೇನಾ ವೈದ್ಯ, ಪಕ್ಷಿತಜ್ಞನ ಹೆಸರು ಇದಕ್ಕಿದೆ. ಅವನ ಹೆಸರಿನ ಸರಿಯಾದ ಉಚ್ಚಾರ 'ಕೌಸ್', ಆದರೆ ಬೇಟೆಗಾರರೆಲ್ಲ 'ಕೂಸ್' ಅಂತಲೇ ಅನ್ನುತ್ತಾರೆ. ನೀವೂ ಹಾಗೇ ಅನ್ನಿ, ಇಲ್ಲದಿದ್ದರೆ ಹಸುವಿನ ಬೇಟೆಗೆ ಬಂದಿದ್ದೀರಿ ಅಂದುಕೊಂಡಾರು. ಬೂದು ಬಣ್ಣ, ಬೂದು ಕಲ್ಲು. ಎದುರಿಗೇ ನಿಂತಿದ್ದರೂ ಕಾಣುವುದಿಲ್ಲ.

ಮ್ಯೂಲ್ ಡೀರ್: ಹೇಸರಗತ್ತೆಯ ಹಾಗೆ ದೊಡ್ಡ ಕಿವಿ, ಆದ್ದರಿಂದ ಆ ಹೆಸರು. ಬಯಲಲ್ಲಿ, ಗುಡ್ಡದ ಬುಡದಲ್ಲಿ ಸಿಗುತ್ತದೆ. ಗ್ರ್ಯಾಂಡ್ ಕ್ಯಾನಿಯನ್ ಉತ್ತರದ ಕೈಬಾಬ್ ಪ್ರಸ್ಥಭೂಮಿ ಇದಕ್ಕೆ ಹೆಸರುವಾಸಿ.

ಎಲ್ಕ್: ನಮ್ಮ ಕಡವೆಯ ದೊಡ್ಡಣ್ಣ. ದೊಡ್ಡ ಗಂಡು 300 ಕಿಲೋ ದಾಟುತ್ತದೆ. ಇಲ್ಲಿನ ಮೂಲ ಎಲ್ಕ್ ತಳಿ ಬೇಟೆಯ ಹೊಡೆತಕ್ಕೇ ಸಿಕ್ಕಿ ಅಳಿದುಹೋಗಿತ್ತು. 1913ರಲ್ಲಿ ಯೆಲ್ಲೋಸ್ಟೋನಿನಿಂದ 83 ಎಲ್ಕ್‌ಗಳನ್ನು ತಂದು ಶೆವಲಾನ್ ಕ್ರೀಕ್ ಹತ್ತಿರ ಬಿಟ್ಟರು. ಈಗ ಮೊಗೊಯಾನ್ ರಿಮ್ ಎಂಬ ಎತ್ತರದ ಬೆಟ್ಟದಂಚು, ಫ್ಲಾಗ್‌ಸ್ಟಾಫ್, ವೈಟ್ ಮೌಂಟನ್ಸ್ ಕಡೆ ಓಡಾಡುವ ಹಿಂಡುಗಳು ಹೆಚ್ಚಾಗಿ ಅವುಗಳ ಸಂತಾನ.

ಮೊದಲ ಸಲ ಹೋಗುವವರಿಗೆ ನನ್ನ ಆಯ್ಕೆ ಕೂಸ್ ಜಿಂಕೆ. ಟ್ಯಾಗ್, ಅಂದರೆ ಪ್ರಾಣಿ ಹೊಡೆಯಲು ಕೊಡುವ ಚೀಟಿ, ಸಿಗುವುದು ಸುಲಭ. ಹೊಡೆದರೆ ಒಬ್ಬರೇ ಒಂದೇ ಸಲಕ್ಕೆ ಹೊತ್ತು ತರಬಹುದು. ನೋಡುವುದನ್ನು ಕಲಿಸುವುದಕ್ಕೂ ಇದಕ್ಕಿಂತ ಕಟ್ಟುನಿಟ್ಟಿನ ಮೇಷ್ಟ್ರು ಇಲ್ಲ.

ಹಂತ 3: ಲೈಸೆನ್ಸ್, ಟ್ಯಾಗ್, ಲಾಟರಿ

ಲೈಸೆನ್ಸ್ ಬೇರೆ, ಟ್ಯಾಗ್ ಬೇರೆ. ಲೈಸೆನ್ಸ್ ಎಂದರೆ ಬೇಟೆಗಾರನಾಗಲು ಅನುಮತಿ. ಟ್ಯಾಗ್ ಎಂದರೆ ಗೊತ್ತಾದ ಜಾಗದಲ್ಲಿ, ಗೊತ್ತಾದ ದಿನಗಳಲ್ಲಿ, ಒಂದೇ ಒಂದು ಪ್ರಾಣಿ ಹೊಡೆಯಲು ಕೊಡುವ ಚೀಟಿ. ಎರಡನ್ನೂ ಕೊಡುವುದು ಅರಿಝೋನಾ ಗೇಮ್ ಅಂಡ್ ಫಿಶ್ ಇಲಾಖೆ. ಆರು ತಿಂಗಳಿಂದ ಅರಿಝೋನಾವನ್ನೇ ಮನೆ ಮಾಡಿಕೊಂಡಿದ್ದರೆ ನೀವು ನಿವಾಸಿ, ಇಲ್ಲದಿದ್ದರೆ ಹೊರಗಿನವರು. ಫೀಸಿನ ಅಂತರ ಭಾರಿ. ಎಲ್ಕ್ ಟ್ಯಾಗಿಗೆ ನಿವಾಸಿಗಳಿಗೆ 135 ಡಾಲರ್ ಇದ್ದ ಕಾಲದಲ್ಲೇ ಹೊರಗಿನವರಿಗೆ 650 ಇತ್ತು. ಈಗಿನ ದರವನ್ನು ಅರ್ಜಿ ಹಾಕುವ ಮುನ್ನ ಇಲಾಖೆಯ ಪುಟದಲ್ಲಿ ನೋಡಿಕೊಳ್ಳಿ.

ಎಲ್ಕ್ ಟ್ಯಾಗುಗಳು ಬಹುತೇಕ ಲಾಟರಿಯಲ್ಲೇ ಸಿಗುವುದು. ಇದಕ್ಕೆ 'ಡ್ರಾ' ಅನ್ನುತ್ತಾರೆ. ಎಲ್ಕ್ ಅರ್ಜಿಯ ಕೊನೆ ದಿನ ಸಾಮಾನ್ಯವಾಗಿ ಫೆಬ್ರವರಿ ಮೊದಲ ವಾರದಲ್ಲಿ, ಜಿಂಕೆಯದ್ದು ಜೂನ್ ಮೊದಲ ವಾರದಲ್ಲಿ. ಬೇಟೆ ಶರತ್ಕಾಲದಲ್ಲಿ ಅಂತ ಆಗಸ್ಟಿನಲ್ಲಿ ಎದ್ದು ಕೇಳುವವರು ಪ್ರತಿ ವರ್ಷ ಇದ್ದಾರೆ. ಆಗ ಉಳಿದಿರುವುದು ಯಾರಿಗೂ ಬೇಡವಾದ ಟ್ಯಾಗುಗಳು ಮಾತ್ರ.

ಡ್ರಾ ಹೇಗೆ ನಡೆಯುತ್ತದೆ ಅಂತ ತಿಳಿದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ನಿಮ್ಮ ಅರ್ಜಿಗೆ ಕಂಪ್ಯೂಟರ್ ಒಂದು ಸಂಖ್ಯೆ ಕೊಡುತ್ತದೆ. ನಿಮ್ಮ ಬಳಿ ಇರುವ ಪ್ರತಿ 'ಬೋನಸ್ ಪಾಯಿಂಟ್'ಗೆ ಇನ್ನೊಂದು ಸಂಖ್ಯೆ ಕೊಡುತ್ತದೆ. ಎಲ್ಲದರಲ್ಲಿ ಚಿಕ್ಕದು ಯಾವುದೋ ಅದೇ ನಿಮ್ಮದು. ಚಿಕ್ಕ ಸಂಖ್ಯೆಯವರಿಗೆ ಮೊದಲು ಟ್ಯಾಗ್. ಅಂದರೆ ಪಾಯಿಂಟ್ ಜಾಸ್ತಿ ಇದ್ದಷ್ಟೂ ಚೀಟಿ ಎತ್ತುವ ಸಲಗಳು ಜಾಸ್ತಿ, ಅಷ್ಟೇ. ಟ್ಯಾಗುಗಳಲ್ಲಿ 20 ಶೇಕಡಾವನ್ನು ಮಾತ್ರ ಅತಿ ಹೆಚ್ಚು ಪಾಯಿಂಟ್ ಇರುವವರಿಗೆ ಮೊದಲೇ ತೆಗೆದಿಡುತ್ತಾರೆ.

ಪಾಯಿಂಟ್ ಬರುವ ದಾರಿ ಮೂರು. ಟ್ಯಾಗ್ ಸಿಗದ ಪ್ರತಿ ವರ್ಷಕ್ಕೆ ಒಂದು. ಸತತ ಐದು ವರ್ಷ ಅರ್ಜಿ ಹಾಕಿದರೆ ನಿಷ್ಠೆಯ ಪಾಯಿಂಟ್ ಒಂದು. ಇಲಾಖೆಯ ಬೇಟೆ ಶಿಕ್ಷಣ ತರಗತಿ ಮುಗಿಸಿದರೆ ಖಾಯಂ ಪಾಯಿಂಟ್ ಒಂದು. ಟ್ಯಾಗ್ ಸಿಕ್ಕಿದ ವರ್ಷ ಸಾಮಾನ್ಯ ಪಾಯಿಂಟುಗಳೆಲ್ಲ ಸೊನ್ನೆ, ಆದರೆ ಶಿಕ್ಷಣದ ಪಾಯಿಂಟ್ ಹೋಗುವುದಿಲ್ಲ. ದೊಡ್ಡವರಿಗೆ ಆ ತರಗತಿ ಕಡ್ಡಾಯವಲ್ಲ. 10ರಿಂದ 13 ವರ್ಷದ ಮಕ್ಕಳು ದೊಡ್ಡ ಪ್ರಾಣಿ ಹೊಡೆಯಬೇಕಾದರೆ ಕಡ್ಡಾಯ. ಕಡ್ಡಾಯವಲ್ಲದಿದ್ದರೂ ದೊಡ್ಡವರೂ ಮಾಡಿ. ಪಾಯಿಂಟಿಗಾಗಿ ಅಲ್ಲದಿದ್ದರೂ, ಬಂದೂಕಿನ ಬಾಯಿ ಯಾವ ಕಡೆ ಇರಬೇಕು ಅನ್ನುವುದು ಅಭ್ಯಾಸವಾಗಲಿ ಅಂತ.

ಅರ್ಜಿಯಲ್ಲಿ ಐದು ಆಯ್ಕೆ ಬರೆಯಬಹುದು. ಇಲ್ಲಿ ಎಚ್ಚರ. ಮೊದಲ ಎರಡು ಆಯ್ಕೆಗಳನ್ನು ಮಾತ್ರ ಮೊದಲ ಸುತ್ತುಗಳಲ್ಲಿ ನೋಡುತ್ತಾರೆ. ಮೂರರಿಂದ ಐದನೆಯದು ಕೊನೆಯ ಸುತ್ತಿಗೆ. "ಖಾಲಿ ಬಿಡುವುದು ಯಾಕೆ" ಅಂತ ಐದನೇ ಜಾಗದಲ್ಲಿ ಯಾವುದೋ ಒಂದನ್ನು ತುಂಬಿದರೆ, ಅದೇ ಸಿಕ್ಕಿ ಹತ್ತು ವರ್ಷದ ಪಾಯಿಂಟ್ ಹೋದೀತು. ನಿಜವಾಗಿ ಹೋಗಲು ಮನಸ್ಸಿರುವುದನ್ನು ಮಾತ್ರ ಬರೆಯಿರಿ. ಗೆಳೆಯರು ನಾಲ್ಕು ಜನರ ತನಕ ಒಂದೇ ಅರ್ಜಿಯಲ್ಲಿ ಸೇರಬಹುದು, ಆಗ ಪಾಯಿಂಟುಗಳ ಸರಾಸರಿ ಲೆಕ್ಕಕ್ಕೆ ಬರುತ್ತದೆ. ಹದಿನೈದು ಪಾಯಿಂಟಿನ ಮಿತ್ರರು ಹೊಸಬರಾದ ನಿಮ್ಮನ್ನು ಸೇರಿಸಿಕೊಳ್ಳಲು ಹಿಂಜರಿದರೆ ಬೇಜಾರು ಮಾಡಿಕೊಳ್ಳಬೇಡಿ.

ಕ್ರೆಡಿಟ್ ಕಾರ್ಡಿನ ಅವಧಿ ನೋಡಿಕೊಳ್ಳಿ. ಟ್ಯಾಗಿನ ಹಣ ಕತ್ತರಿಸುವುದು ಡ್ರಾ ಹೊತ್ತಿಗೆ. ಆಗ ಕಾರ್ಡ್ ನಡೆಯದಿದ್ದರೆ ಅರ್ಜಿ ತಿರಸ್ಕೃತ. ನಾನು ಒಂದು ವರ್ಷ ಹೀಗೇ ಕಳೆದುಕೊಂಡಿದ್ದೇನೆ.

ಡ್ರಾ ಬೇಡವೆನಿಸಿದರೆ ಬಿಲ್ಲಿನವರಿಗೆ ಇನ್ನೊಂದು ದಾರಿ. ನಿವಾಸಿಗಳಿಗೆ ಬಿಲ್ಲಿನ ಜಿಂಕೆ ಟ್ಯಾಗ್ ಅಂಗಡಿಯಲ್ಲೇ ಸಿಗುತ್ತದೆ. ಆಗಸ್ಟ್ ಕೊನೆ, ಡಿಸೆಂಬರ್, ಜನವರಿಯಲ್ಲಿ ಅದರ ಕಾಲ. ಆದರೆ ಪ್ರತಿ ಪ್ರದೇಶಕ್ಕೂ ಒಂದು ಮಿತಿ ಇರುತ್ತದೆ, ಅಷ್ಟು ಜಿಂಕೆ ಹೊಡೆದಾದ ಮೇಲೆ ಅಲ್ಲಿ ಬಾಗಿಲು ಮುಚ್ಚುತ್ತಾರೆ. ಹೊರಡುವ ದಿನ ಬೆಳಗ್ಗೆ ಇಲಾಖೆಯ ಪುಟ ನೋಡಿ. ಹೊಡೆದ 48 ಗಂಟೆಯೊಳಗೆ ವರದಿ ಮಾಡುವುದು ಕಡ್ಡಾಯ.

ಹಂತ 4: ಜಾಗ ಮತ್ತು ಕಾಲ

ರಾಜ್ಯವನ್ನು 'ಯೂನಿಟ್' ಎಂಬ ತುಂಡುಗಳಾಗಿ ಹಂಚಿದ್ದಾರೆ. ಟ್ಯಾಗ್ ಮೇಲೆ ಬರೆದ ಯೂನಿಟ್ ಬಿಟ್ಟು ಒಂದು ಹೆಜ್ಜೆ ಆಚೆ ಹೋಗಿ ಹೊಡೆದರೂ ಅದು ಕಳ್ಳಬೇಟೆ. ಫೋನಿನಲ್ಲಿ ಗಡಿ ತೋರಿಸುವ ನಕ್ಷೆಯ ಆಪ್ ಇರಲಿ. ಸಿಗ್ನಲ್ ಇರುವುದಿಲ್ಲ, ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ.

ರಾಷ್ಟ್ರೀಯ ಅರಣ್ಯ ಮತ್ತು ಬಿಎಲ್‌ಎಂ ಎಂದು ಕರೆಯುವ ಕೇಂದ್ರದ ಬಯಲು ಜಮೀನು ಎಲ್ಲರಿಗೂ ತೆರೆದಿದೆ. ರಾಜ್ಯದ ಟ್ರಸ್ಟ್ ಜಮೀನಿಗೆ ಮಾಮೂಲಿ ಜನರಿಗೆ ಪರವಾನಗಿ ಬೇಕು, ಬೇಟೆಗೆ ಹೋಗುವವರಿಗೆ ಬೇಟೆ ಲೈಸೆನ್ಸೇ ಸಾಕು. ಗ್ರ್ಯಾಂಡ್ ಕ್ಯಾನಿಯನ್, ಸಗ್ವಾರೋ ತರಹದ ರಾಷ್ಟ್ರೀಯ ಉದ್ಯಾನಗಳಲ್ಲಿ ಬೇಟೆ ಇಲ್ಲ. ನವಾಹೋ, ಅಪಾಚೆ ಮುಂತಾದ ಬುಡಕಟ್ಟುಗಳ ನೆಲದಲ್ಲಿ ರಾಜ್ಯದ ಟ್ಯಾಗ್ ನಡೆಯುವುದಿಲ್ಲ, ಅವರದೇ ನಿಯಮ, ಅವರದೇ ಅನುಮತಿ.

ಕಾಲದ ವಿಷಯ. ಎಲ್ಕ್‌ಗೆ ಬೆದೆ ಬರುವುದು ಸೆಪ್ಟೆಂಬರಿನಲ್ಲಿ. ಗಂಡು ಕೊಳಲೂದಿದ ಹಾಗೆ ಉದ್ದಕ್ಕೆ ಕೂಗುತ್ತದೆ. ಅಷ್ಟು ದೊಡ್ಡ ದೇಹದಿಂದ ಅಷ್ಟು ತೆಳ್ಳನೆಯ ದನಿ ಹೊರಡುವುದನ್ನು ಮೊದಲ ಸಲ ಕೇಳಿದಾಗ ನಂಬಲಾಗುವುದಿಲ್ಲ. ಆ ಹೊತ್ತಿನ ಬೇಟೆ ಹೆಚ್ಚಾಗಿ ಬಿಲ್ಲಿನವರದ್ದು, ಟ್ಯಾಗ್ ಸಿಗಲು ವರ್ಷಗಟ್ಟಲೆ ಕಾಯಬೇಕು. ರೈಫಲಿನ ಗಂಡು ಎಲ್ಕ್ ಬೇಟೆ ಹೆಚ್ಚಾಗಿ ನವೆಂಬರ್ ಕೊನೆಗೆ. ಬೇಗ ಎಲ್ಕ್ ಮಾಂಸ ಬೇಕೆಂದರೆ ಹೆಣ್ಣು ಎಲ್ಕ್ ಟ್ಯಾಗಿಗೆ ಹಾಕಿ. ಗೋಡೆಗೆ ಕೊಂಬು ಸಿಗುವುದಿಲ್ಲ, ಫ್ರೀಜರ್ ತುಂಬುತ್ತದೆ. ಕೂಸ್ ಜಿಂಕೆಯ ಬೆದೆಗಾಲ ಜನವರಿ. ಗಂಡು ಆಗ ಮೈಮರೆತು ಹಗಲಲ್ಲೇ ಓಡಾಡುತ್ತದೆ.

ಹಂತ 5: ಸಾಮಾನು. ಮೊದಲು ದುರ್ಬೀನು

ಹೊಸಬರು ರೈಫಲಿಗೆ ಎರಡು ಸಾವಿರ ಡಾಲರ್ ಹಾಕಿ ದುರ್ಬೀನಿಗೆ ನೂರು ಹಾಕುತ್ತಾರೆ. ತಿರುಗಿಸಿ. .270, .30-06, 6.5 ಕ್ರೀಡ್‌ಮೋರ್ ಈ ಗುಂಡಿನ ಅಳತೆಗಳಲ್ಲಿ ಯಾವುದೇ ಹಳೆಯ ಸಾದಾ ರೈಫಲ್ ಜಿಂಕೆಗೆ ಸಾಕು. ಎಲ್ಕ್‌ಗಾದರೆ .30-06 ಅಥವಾ 7 ಎಂಎಂ ಮ್ಯಾಗ್ನಮ್ ನನಗೆ ಹೆಚ್ಚು ನೆಮ್ಮದಿ. ದುಡ್ಡು ಗಾಜಿಗೆ ಹಾಕಿ.

10x42 ಎಂದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿಲಿಮೀಟರ್ ಮುಂಗಾಜಿನ ದುರ್ಬೀನು. ಕುತ್ತಿಗೆಗೆ ಅದು ಒಂದು. ಸಾಧ್ಯವಾದರೆ 15x56 ಇನ್ನೊಂದು, ಅದು ಮುಕ್ಕಾಲಿ ಸ್ಟ್ಯಾಂಡ್ ಮೇಲೆ. ಸ್ಟ್ಯಾಂಡ್ ಇಲ್ಲದೆ ದುರ್ಬೀನು ಹಿಡಿದರೆ ಕೈ ನಡುಗುತ್ತದೆ, ನಡುಗುವ ಚಿತ್ರದಲ್ಲಿ ಅಲುಗುವ ಕಿವಿ ಕಾಣುವುದಿಲ್ಲ. ಎರಡನೇ ದುರ್ಬೀನಿಗೆ ದುಡ್ಡಿಲ್ಲದಿದ್ದರೆ ಮೊದಲನೆಯದನ್ನೇ ಸ್ಟ್ಯಾಂಡಿಗೆ ಕಟ್ಟಿ. ಕೂರಲು ಒಂದು ದಪ್ಪ ಮೆತ್ತೆ ಬೇಕೇ ಬೇಕು. ನಗಬೇಡಿ, ನಾಲ್ಕು ಗಂಟೆ ಕಲ್ಲಿನ ಮೇಲೆ ಕೂತ ಮೇಲೆ ಗೊತ್ತಾಗುತ್ತದೆ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ದೂರ ಅಳೆಯುವ ರೇಂಜ್‌ಫೈಂಡರ್, ಇಳಿಜಾರಿನ ಲೆಕ್ಕ ಹಾಕುವಂಥದ್ದು. ಗಟ್ಟಿ ಅಟ್ಟೆಯ, ಪಳಗಿದ ಬೂಟು. ಮುಳ್ಳಿಗೆ ದಪ್ಪ ಪ್ಯಾಂಟು. ಚೋಯಾ ಕಳ್ಳಿಯ ಮುಳ್ಳು ಕೀಳಲು ಒಂದು ಬಾಚಣಿಗೆ, ಬೆರಳಿನಿಂದ ಕೀಳಲು ಹೋದರೆ ಬೆರಳಿಗೇ ಅಂಟುತ್ತದೆ. ಹೆಡ್‌ಲ್ಯಾಂಪ್ ಎರಡು. ಎರಡು ಚೂರಿ. ನಾಲ್ಕೈದು ಬಟ್ಟೆಯ ಮಾಂಸದ ಚೀಲ. ಮೂಳೆಗೂಡಿನ ಹಾಗೆ ಫ್ರೇಮ್ ಇರುವ ಬ್ಯಾಗು. ಬೇರೆ ಬೇಟೆಗಾರರ ಕಣ್ಣಿಗೆ ಬೀಳುವ ಕಿತ್ತಳೆ ಜಾಕೆಟ್ ಇಲ್ಲಿ ಕಡ್ಡಾಯವಲ್ಲ, ರೈಫಲ್ ಕಾಲದಲ್ಲಿ ಹಾಕಿಕೊಳ್ಳಿ.

ಕೈಬಾಬ್ ಕಡೆಗೆ ಹೋಗುವವರು ಸೀಸವಿಲ್ಲದ ಗುಂಡು ಬಳಸಿ. ಅಳಿವಿನಂಚಿನ ಕ್ಯಾಲಿಫೋರ್ನಿಯಾ ಕಾಂಡೋರ್ ರಣಹದ್ದುಗಳನ್ನು 1996ರಲ್ಲಿ ಅಲ್ಲೇ ಹತ್ತಿರದ ವರ್ಮಿಲಿಯನ್ ಕ್ಲಿಫ್ಸ್‌ನಲ್ಲಿ ಮತ್ತೆ ಬಿಟ್ಟರು. ನಾವು ಬಿಟ್ಟು ಬಂದ ಕರುಳು ತಿಂದು, ಅದರಲ್ಲಿನ ಸೀಸದ ಚೂರಿನಿಂದ ಅವು ಸಾಯುತ್ತವೆ.

ಏನು ತರಬಾರದು? ಪ್ರಾಣಿ ಹುಡುಕಲು ಕಾಡಿನಲ್ಲಿ ಕಟ್ಟುವ ಟ್ರೇಲ್ ಕ್ಯಾಮೆರಾ 2022ರಿಂದ ನಿಷೇಧ. ಡ್ರೋನ್ ಬೇಡವೇ ಬೇಡ. ತಿನ್ನುವ ವಸ್ತು ಸುರಿದು ಆಕರ್ಷಿಸುವುದೂ ನಿಷೇಧ. ಬೇರೆ ರಾಜ್ಯದ ವೀಡಿಯೊ ನೋಡಿ ಜೋಳದ ಮೂಟೆ ತಂದವರನ್ನು ಕಂಡಿದ್ದೇನೆ.

ಹಂತ 6: ಕೂರಿ, ನೋಡಿ

ಈ ಲೇಖನದಲ್ಲಿ ಒಂದೇ ಭಾಗ ಓದಿ ಅಂದರೆ ಇದನ್ನೇ ಓದಿ ಅಂತ ಹೇಳುತ್ತೇನೆ. ಇಲ್ಲಿನವರು ಇದಕ್ಕೆ 'ಗ್ಲಾಸಿಂಗ್' ಅನ್ನುತ್ತಾರೆ. ಎತ್ತರದಲ್ಲಿ ಕೂತು ಎದುರಿನ ಇಳಿಜಾರನ್ನು ದುರ್ಬೀನಿನಿಂದ ಅಂಗುಲ ಅಂಗುಲ ಜಾಲಾಡುವುದು. ಮಲೆನಾಡಿನ ಕಾಡಿನಲ್ಲಿ ಹತ್ತು ಮಾರು ಆಚೆ ಕಾಣುವುದಿಲ್ಲ. ಇಲ್ಲಿ ಒಂದು ಮೈಲಿ ಆಚೆಯ ಪೊದೆ ಕಾಣುತ್ತದೆ. ಆದ್ದರಿಂದ ಕಾಲಿನ ಕೆಲಸವನ್ನು ಕಣ್ಣಿಗೆ ಕೊಡಬೇಕು. ನಡೆದಾಡುವವನನ್ನು ಜಿಂಕೆ ಮೊದಲು ನೋಡುತ್ತದೆ.

ಬೆಳಕು ಹರಿಯುವ ಅರ್ಧ ಗಂಟೆ ಮುಂಚೆಯೇ ಜಾಗದಲ್ಲಿರಿ. ಸೂರ್ಯ ನಿಮ್ಮ ಬೆನ್ನಿಗಿರಲಿ, ಎಳೆ ಬಿಸಿಲು ಮೊದಲು ಬೀಳುವ ಇಳಿಜಾರು ಎದುರಿಗಿರಲಿ. ಚಳಿಗಾಲದ ರಾತ್ರಿ ಕಳೆದ ಜಿಂಕೆ ಮೈ ಕಾಯಿಸಲು ಅಲ್ಲಿಗೆ ಬರುತ್ತದೆ. ಬೆಟ್ಟದ ಅಂಚಿನ ಮೇಲೆ ನಿಲ್ಲಬೇಡಿ, ಆಕಾಶಕ್ಕೆ ಎದುರಾಗಿ ಬೊಂಬೆಯ ಹಾಗೆ ಕಾಣುತ್ತೀರಿ. ಒಂದಿಷ್ಟು ಕೆಳಗಿಳಿದು ಪೊದೆಗೆ ಒರಗಿ ಕೂರಿ.

ಮೊದಲ ಐದು ನಿಮಿಷ ಚಿಕ್ಕ ದುರ್ಬೀನಿನಿಂದ ಬೇಗ ಬೇಗ ನೋಡಿ, ಬಯಲಿನಲ್ಲೇ ನಿಂತದ್ದು ಸಿಕ್ಕೀತು. ಆಮೇಲೆ ಸ್ಟ್ಯಾಂಡಿಗೆ ಬನ್ನಿ. ಬೆಟ್ಟದ ಮೇಲಿನ ಎಡ ಮೂಲೆಯಿಂದ ಶುರು. ದುರ್ಬೀನು ಅಲುಗಿಸಬೇಡಿ. ವೃತ್ತದೊಳಗೆ ನಿಮ್ಮ ಕಣ್ಣು ಮಾತ್ರ ಓಡಾಡಲಿ, ನಡುವೆ, ಅಂಚು, ಪ್ರತಿ ಪೊದೆಯ ನೆರಳು. ಹತ್ತು ಹದಿನೈದು ಸೆಕೆಂಡ್ ಆದ ಮೇಲೆ ಅರ್ಧ ವೃತ್ತದಷ್ಟು ಸರಿಸಿ. ಗದ್ದೆ ಉಳುವ ಹಾಗೆ ಸಾಲು ಸಾಲಾಗಿ ಬನ್ನಿ. ಮುಗಿದ ಮೇಲೆ ಮತ್ತೆ ಮೊದಲಿಂದ. ಬರಿದಾಗಿದ್ದ ಪೊದೆಯ ಬುಡದಲ್ಲಿ ಮೂರನೇ ಸುತ್ತಿಗೆ ಜಿಂಕೆ ಇರುತ್ತದೆ. ಅದು ಬಂದದ್ದಲ್ಲ, ಅಲ್ಲೇ ಇತ್ತು.

ಇಡೀ ಜಿಂಕೆಯನ್ನು ಹುಡುಕಬೇಡಿ. ಕಾಡಿನಲ್ಲಿ ಎಲ್ಲವೂ ನೆಟ್ಟಗೆ ನಿಂತಿರುತ್ತದೆ, ಬೆನ್ನು ಮಾತ್ರ ಅಡ್ಡ ಗೆರೆ. ಅಡ್ಡ ಗೆರೆ ಹುಡುಕಿ. ಕಪ್ಪು ಮೂಗು, ಅಲುಗುವ ಕಿವಿ, ತೊಡೆಯ ಬಿಳಿ, ಒಣ ಕೊಂಬೆಯ ಹಾಗೆ ಹೊಳೆಯುವ ಕೊಂಬು. ಒಂದು ಹೆಣ್ಣು ಕಂಡರೆ ಅದರ ಸುತ್ತಲೇ ಅರ್ಧ ಗಂಟೆ ಕಳೆಯಿರಿ.

ಒಂಬತ್ತು ಗಂಟೆಗೆ ಬಿಸಿಲೇರುತ್ತದೆ, ಎಲ್ಲರೂ ಎದ್ದು ಕಾಫಿಗೆ ಹೋಗುತ್ತಾರೆ. ದೊಡ್ಡ ತಪ್ಪು. ಈಗ ಉತ್ತರಕ್ಕೆ ಮುಖ ಮಾಡಿದ ನೆರಳಿನ ಇಳಿಜಾರಿಗೆ ತಿರುಗಿ. ಜಿಂಕೆ ಮಲಗಿರುವುದು ಅಲ್ಲಿ. ನೆರಳು ಸರಿದು ಮೈಗೆ ಬಿಸಿಲು ತಾಗಿದಾಗ ಅದು ಏಳುತ್ತದೆ, ಎರಡು ಹೆಜ್ಜೆ ಇಟ್ಟು ಮತ್ತೆ ನೆರಳಲ್ಲಿ ಮಲಗುತ್ತದೆ. ಹನ್ನೊಂದರಿಂದ ಒಂದು ಗಂಟೆಯ ನಡುವೆ ಆ ಎರಡು ಹೆಜ್ಜೆಗೆ ಕಾಯುವವನಿಗೆ ಜಿಂಕೆ ಸಿಗುತ್ತದೆ.

ಬಿಸಿಲು ಕಾಲದ ಎಲ್ಕ್‌ಗೆ ನೀರು ಮುಖ್ಯ. ದನಗಳಿಗೆ ಕಟ್ಟಿದ ಕೆರೆಗಳ ಸುತ್ತ ಹೆಜ್ಜೆ ನೋಡಿ. ಆದರೆ ನೀರಿನ ಕಾಲು ಮೈಲಿ ಒಳಗೆ ಟೆಂಟ್ ಹಾಕಿ, ದನವೋ ಕಾಡುಪ್ರಾಣಿಯೋ ನೀರಿಗೆ ಬರದ ಹಾಗೆ ಮಾಡುವುದು ಅಪರಾಧ. ಸುತ್ತ ಹತ್ತು ಮೈಲಿಗೆ ಅದೊಂದೇ ನೀರಿರಬಹುದು.

ಹಂತ 7: ಹತ್ತಿರ ಹೋಗುವುದು, ಗುಂಡು

ಕಂಡ ಕೂಡಲೇ ಎದ್ದು ಓಡಬೇಡಿ. ಮಲಗುವ ತನಕ ಕಾಯಿರಿ. ಅದರ ಪಕ್ಕದ ಕಲ್ಲು, ಒಣಮರ, ಕಳ್ಳಿ ಗುರುತಿಟ್ಟುಕೊಳ್ಳಿ, ಫೋನಿನಲ್ಲಿ ಇಳಿಜಾರಿನ ಫೋಟೊ ತೆಗೆಯಿರಿ. ಕಣಿವೆ ಇಳಿದು ಆಚೆ ಹತ್ತಿದ ಮೇಲೆ ಯಾವ ಪೊದೆಯೂ ಮೊದಲಿನ ಹಾಗೆ ಕಾಣುವುದಿಲ್ಲ.

ಗಾಳಿಯ ಲೆಕ್ಕ ಸುಲಭ. ಬಿಸಿಲೇರಿದ ಮೇಲೆ ಬೆಟ್ಟದ ಗಾಳಿ ಮೇಲಕ್ಕೆ ಹೋಗುತ್ತದೆ, ಸಂಜೆ ತಂಪಾದ ಮೇಲೆ ಕೆಳಕ್ಕೆ ಇಳಿಯುತ್ತದೆ. ಹಗಲಲ್ಲಿ ಮೇಲಿನಿಂದ ಬನ್ನಿ, ಸಂಜೆ ಕೆಳಗಿನಿಂದ. ಎರಡೂ ತಿರುವುಮುರುವಾಗುವ ಹೊತ್ತಿನಲ್ಲಿ ಸುಮ್ಮನೆ ಕೂರಿ. ಒಂದು ಸಣ್ಣ ಸೀಸೆಯಲ್ಲಿ ಟಾಲ್ಕಂ ಪುಡಿ ಇದ್ದರೆ ಗಾಳಿಯ ದಿಕ್ಕು ಕಣ್ಣಿಗೆ ಕಾಣುತ್ತದೆ.

ಕೂಸ್ ಜಿಂಕೆಗೆ 300, 400 ಗಜದ ಗುಂಡು ಮಾಮೂಲಿ ಅಂತ ಎಲ್ಲರೂ ಹೇಳುತ್ತಾರೆ. ನೀವು ಆ ದೂರಕ್ಕೆ ನೆಲದಲ್ಲಿ ಕೂತು, ಏದುಸಿರಿನಲ್ಲಿ ಅಭ್ಯಾಸ ಮಾಡಿದ್ದೀರಾ? ಇಲ್ಲವಾದರೆ 200 ಗಜ ನಿಮ್ಮ ಮಿತಿ. ಇನ್ನೂ ಹತ್ತಿರ ಹೋಗಿ, ಆಗದಿದ್ದರೆ ಬಿಡಿ. ಪಕ್ಕ ತಿರುಗಿ ನಿಂತಾಗ, ಮುಂಗಾಲಿನ ಸ್ವಲ್ಪ ಹಿಂದೆ, ಎದೆಗೂಡಿನ ಕೆಳ ಅರ್ಧಕ್ಕೆ ಗುರಿ. ಪ್ರಾಣಿಯ ಹಿಂದೆ ಏನಿದೆ ನೋಡಿ. ಬೆಟ್ಟದ ಅಂಚಿನಲ್ಲಿ, ಆಕಾಶಕ್ಕೆ ಎದುರಾಗಿ ನಿಂತಿದ್ದರೆ ಹೊಡೆಯಲೇಬೇಡಿ. ವಾಹನದಿಂದ ಹೊಡೆಯುವುದು, ರಸ್ತೆಯ ಮೇಲೆ ಹಾಯ್ದು ಹೊಡೆಯುವುದು, ಒಪ್ಪಿಗೆ ಇಲ್ಲದೆ ಜನವಾಸದ ಮನೆಯಿಂದ ಕಾಲು ಮೈಲಿ ಒಳಗೆ ಹೊಡೆಯುವುದು ಎಲ್ಲ ಅಪರಾಧ.

ಗುಂಡು ತಾಗಿದ ಮೇಲೆ ಓಡಿಹೋಗಬೇಡಿ. ಅರ್ಧ ಗಂಟೆ ಕಾಯಿರಿ, ಬಾಣವಾದರೆ ಇನ್ನೂ ಹೆಚ್ಚು. ಬೆನ್ನಟ್ಟಿದರೆ ಅದು ಎದ್ದು ಮೈಲಿಗಟ್ಟಲೆ ಹೋಗುತ್ತದೆ. ಏನೂ ತಾಗಲಿಲ್ಲ ಅನ್ನಿಸಿದರೂ ಹೋಗಿ ನೆಲ ನೋಡಲೇಬೇಕು.

ಹಂತ 8: ಬಿದ್ದ ಮೇಲೆ, ಗಡಿಯಾರದ ವಿರುದ್ಧ ಓಟ

ಮೊದಲು ಟ್ಯಾಗ್ ಕಟ್ಟಿ. ಫೋಟೊ ಆಮೇಲೆ.

ಸೆಪ್ಟೆಂಬರಿನ ಮಧ್ಯಾಹ್ನ ಎತ್ತರದ ಮೊಗೊಯಾನ್ ರಿಮ್ ಮೇಲೂ 25 ಡಿಗ್ರಿ ಸೆಲ್ಸಿಯಸ್ ಇರಬಹುದು. ಎಲ್ಕ್ ಚರ್ಮ ದಪ್ಪ ಕಂಬಳಿ ಇದ್ದ ಹಾಗೆ, ಸತ್ತ ಮೇಲೂ ಒಳಗಿನ ಬಿಸಿ ಬಿಡುವುದಿಲ್ಲ. ಮಾಂಸ ಮೊದಲು ಕೆಡುವುದು ಹಿಂದೊಡೆಯ ಮೂಳೆಯ ಪಕ್ಕದಲ್ಲಿ, ಹೊರಗೆ ಗೊತ್ತೇ ಆಗುವುದಿಲ್ಲ. ತಣ್ಣಗೆ, ಒಣಗಿದ್ದು, ಚೊಕ್ಕಟ. ಈ ಮೂರೇ ನೆನಪಿರಲಿ.

ಹೊಟ್ಟೆ ಸೀಳದೆ ಮಾಂಸ ತೆಗೆಯುವ ವಿಧಾನ ಬಿಸಿಲಿಗೆ ಒಳ್ಳೆಯದು. ಪ್ರಾಣಿಯನ್ನು ಒಂದು ಮಗ್ಗುಲಿಗೆ ಮಲಗಿಸಿ. ಬೆನ್ನಿನ ಉದ್ದಕ್ಕೆ ಚರ್ಮ ಸೀಳಿ ಹೊಟ್ಟೆಯ ಕಡೆಗೆ ಸುಲಿಯಿರಿ. ಮುಂಗಾಲು ತೆಗೆಯಿರಿ, ಅದಕ್ಕೆ ಕೀಲೇ ಇಲ್ಲ, ಚೂರಿ ಸಲೀಸಾಗಿ ಹೋಗುತ್ತದೆ. ಹಿಂಗಾಲನ್ನು ಸೊಂಟದ ಕೀಲಿನಲ್ಲಿ ಬಿಡಿಸಿ. ಬೆನ್ನೆಲುಬಿನ ಪಕ್ಕದ ಉದ್ದ ಪಟ್ಟಿ, ಕುತ್ತಿಗೆ, ಪಕ್ಕೆಲುಬಿನ ಮೇಲಿನದು ತೆಗೆಯಿರಿ. ಕೊನೆಯ ಪಕ್ಕೆಲುಬಿನ ಹಿಂದಿನಿಂದ ಕೈ ಹಾಕಿ ಒಳಗಿನ ಮೆತ್ತನೆಯ ಪಟ್ಟಿ ಎಳೆಯಿರಿ. ಆಮೇಲೆ ಮಗ್ಗುಲು ಬದಲಿಸಿ. ತಿನ್ನುವ ಮಾಂಸ ಬಿಟ್ಟು ಬರುವುದು ಕಾನೂನಿಗೂ ವಿರುದ್ಧ.

ಬಟ್ಟೆಯ ಚೀಲದಲ್ಲಿ ತುಂಬಿ, ಗಾಳಿಯಾಡುವ ನೆರಳಿನ ಕೊಂಬೆಗೆ ನೇತುಹಾಕಿ. ಪ್ಲಾಸ್ಟಿಕ್ ಚೀಲ ಹಾಕಿದರೆ ಬೆವೆತು ಕೊಳೆಯುತ್ತದೆ. ದೂರ ಇದ್ದರೆ ತೊಡೆಯ ಮೂಳೆ ಅಲ್ಲೇ ಬಿಡಿಸಿ. ಆದರೆ ಗಂಡೋ ಹೆಣ್ಣೋ ಅಂತ ತೋರಿಸುವ ಗುರುತು, ಅಂದರೆ ತಲೆ ಅಥವಾ ಲಿಂಗದ ಭಾಗ, ಮನೆ ಮುಟ್ಟುವ ತನಕ ಮಾಂಸದ ಜೊತೆಗಿರಬೇಕು. ದಾರಿಯಲ್ಲಿ ಅಧಿಕಾರಿ ಕೇಳುತ್ತಾರೆ. ಮಾಂಸ ಬಿಟ್ಟು ಹೋಗಿ ಮರಳುವಾಗ ಸದ್ದು ಮಾಡುತ್ತಾ ಬನ್ನಿ, ಕಪ್ಪು ಕರಡಿ ಬಂದಿರಬಹುದು.

ಈಗ ಭಾರದ ಲೆಕ್ಕ. ದೊಡ್ಡ ಗಂಡು ಎಲ್ಕ್‌ನಿಂದ ಮೂಳೆ ಬಿಡಿಸಿದ ಮಾಂಸವೇ ಸುಮಾರು 90 ಕಿಲೋ. ಒಬ್ಬರಿಗೆ ನಾಲ್ಕು ಸಲದ ಹೊರೆ, ತಲೆ ಬೇರೆ. ರಸ್ತೆಯಿಂದ ಮೂರು ಕಿಲೋಮೀಟರ್ ದೂರದಲ್ಲಿ ಹೊಡೆದರೆ ಹೋಗಿಬಂದು 24 ಕಿಲೋಮೀಟರ್, ಅರ್ಧ ದೂರ ಹೊರೆಯೊಂದಿಗೆ. ಒಬ್ಬರೇ ಇದ್ದರೆ ಅಷ್ಟು ದೂರದಲ್ಲಿ ಎಲ್ಕ್ ಹೊಡೆಯಬೇಡಿ. ಗುಂಡು ಹಾರಿಸುವ ಮುಂಚೆ ಮಾಡಬೇಕಾದ ಲೆಕ್ಕ ಇದು.

ಹಂತ 9: ನೀರು, ಹಾವು, ಸಿಡಿಲು

ದಿನಕ್ಕೆ ಕನಿಷ್ಠ ನಾಲ್ಕು ಲೀಟರ್ ನೀರು, ಬಿಸಿಲಾದರೆ ಆರು. ನಕ್ಷೆಯಲ್ಲಿ ನೀಲಿ ಗೆರೆ ಇದೆ ಅಂತ ನಂಬಬೇಡಿ, ಇಲ್ಲಿನ ಹೊಳೆಗಳು ವರ್ಷದ ಹೆಚ್ಚು ಕಾಲ ಮರಳು. ಅದೇ ಮರಳಿನ ಹೊಳೆಯಲ್ಲಿ ಟೆಂಟ್ ಹಾಕಿದರೆ, ಎಲ್ಲೋ ಮೇಲೆ ಬಿದ್ದ ಮಳೆಗೆ ರಾತ್ರಿ ಗೋಡೆಯಂತೆ ನೀರು ಬರಬಹುದು. ಸೆಪ್ಟೆಂಬರ್ ಕೊನೆಯ ತನಕ ಮಾನ್ಸೂನ್ ಇರುತ್ತದೆ, ಹೌದು, ಇಲ್ಲಿಯೂ ಅದೇ ಹೆಸರು. ಗುಡುಗು ಕೇಳಿದರೆ ಬೆಟ್ಟದ ನೆತ್ತಿಯಿಂದ ಇಳಿಯಿರಿ.

ಬುಡಬುಡಿಕೆ ಹಾವು ಅರಿಝೋನಾದಲ್ಲಿ 13 ಜಾತಿ ಇವೆ. ಆಗಸ್ಟ್‌ನಿಂದ ಅಕ್ಟೋಬರ್ ತನಕ ಚುರುಕು. ಕೂರುವ ಕಲ್ಲಿನ ಕೆಳಗೆ ನೋಡದೆ ಕೂರಬೇಡಿ, ಕಾಣದ ಜಾಗಕ್ಕೆ ಕೈ ಹಾಕಬೇಡಿ. ಕಚ್ಚಿದರೆ ಕೊಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು ಏನೂ ಮಾಡದೆ ಆಸ್ಪತ್ರೆಗೆ ಹೊರಡಿ. ಯಾವ ಕಣಿವೆ, ಯಾವಾಗ ವಾಪಸ್ ಅಂತ ಮನೆಯಲ್ಲಿ ಬರೆದಿಟ್ಟು ಬನ್ನಿ. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಸಾಧನ ಇದ್ದರೆ ಮನೆಯವರಿಗೂ ನಿದ್ದೆ ಬರುತ್ತದೆ.

ಹಂತ 10: ಮನೆಗೆ ಬಂದ ಮೇಲೆ

ಕೂಲರಿನಲ್ಲಿ ಮಾಂಸದ ಕೆಳಗೆ ಐಸ್ ಹಾಕಿ, ನೀರು ಹೊರಹೋಗುವ ತೂತು ತೆರೆದಿಡಿ. ಐಸ್ ನೀರಿನಲ್ಲಿ ಮಾಂಸ ನೆನೆಯಬಾರದು. ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಇಟ್ಟು ಆಮೇಲೆ ಫ್ರೀಜ್ ಮಾಡಿದರೆ ಮೆತ್ತಗಾಗುತ್ತದೆ. ಪೊಟ್ಟಣದ ಮೇಲೆ ಯಾವ ಭಾಗ, ಯಾವ ತಾರೀಕು ಬರೆಯಿರಿ. ಮಾಂಸವನ್ನು ಗೆಳೆಯರಿಗೆ ಕೊಡಬಹುದು, ಮಾರುವ ಹಾಗಿಲ್ಲ. ಕೊಂಬನ್ನು ಸೂಟ್‌ಕೇಸಿನಲ್ಲಿ ಊರಿಗೆ ತರುವ ಆಸೆ ಬಿಡಿ, ಕಸ್ಟಮ್ಸ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.

ಅಡುಗೆಯಲ್ಲಿ ಎಲ್ಲರೂ ಮಾಡುವ ತಪ್ಪು, ಕುರಿ ಮಾಂಸದ ಹಾಗೆ ಬೇಯಿಸುವುದು. ಇದರಲ್ಲಿ ಕೊಬ್ಬೇ ಇಲ್ಲ. ಬೆನ್ನಿನ ಪಟ್ಟಿಯನ್ನು ಕಾದ ಬಾಣಲೆಯಲ್ಲಿ ಮೆಣಸು, ತುಪ್ಪದ ಜೊತೆ ಬೇಗ ಹುರಿದು ಇಳಿಸಿ, ಎರಡು ನಿಮಿಷ ಹೆಚ್ಚಾದರೆ ರಬ್ಬರ್. ಮುಂಗಾಲು, ಕುತ್ತಿಗೆ ಮಾತ್ರ ನಿಧಾನ ಬೇಯಲಿ. ಕೊಡಗಿನವರು ಪಂದಿ ಕರಿಗೆ ಹಾಕುವ ಹಾಗೆ ಹುರಿದ ಮಸಾಲೆ ಹಾಕಿ, ಕೊನೆಗೆ ಒಂದು ಚಮಚ ಕಾಚಂಪುಳಿ ಬಿಟ್ಟರೆ ಎಲ್ಕ್ ಕುತ್ತಿಗೆಗೆ ಅದರಷ್ಟು ಹೊಂದುವ ಹುಳಿ ಬೇರೆ ಇಲ್ಲ. ಕಾಚಂಪುಳಿ ಇಲ್ಲದಿದ್ದರೆ ಹುಣಸೆ ನಡೆಯುತ್ತದೆ. ಹಂದಿಯಲ್ಲಿ ಇರುವ ಕೊಬ್ಬು ಇದರಲ್ಲಿ ಇಲ್ಲದ ಕಾರಣ ಎಣ್ಣೆ ಸ್ವಲ್ಪ ಧಾರಾಳವಾಗಿ ಹಾಕಿ.